ಹನ್ನೆರಡು ಮುಖದ ಬುಗುರಿ

ಚನ್ನಪಟ್ಟಣ
7 ಜನವರಿ 2024, ಭಾನುವಾರ

ಪುಟ್ಟೀ,

ಚೆನ್ನಾಗಿದ್ದೀಯಾ ಎಂದು ಕೇಳಬಾರದು ಅಂತ ನೀನೇ ಹೇಳಿ ಕಳಿಸಿದ್ದೀಯ, ಆದ್ದರಿಂದ ಕೇಳುತ್ತಿಲ್ಲ. ಫೋನ್ ಮಾಡಿದವರೆಲ್ಲ ಮೊದಲು ಕಾಲಿನ ಸುದ್ದಿ ತೆಗೆಯುತ್ತಾರೆ, ಕಾಗದವಾದರೆ ಆಟದ ಮಾತಷ್ಟೇ ಆಡಬಹುದು ಎಂದು ಜುವೇರಿಯಾಗೆ ಹೇಳಿದೆಯಂತೆ. ಹಾಗೇ ಆಗಲಿ. ಸ್ಕೂಟರಿನಿಂದ ಬಿದ್ದು ಮೂರು ತಿಂಗಳಾದರೂ ನಿನ್ನ ಬಾಯಿಗೆ ಏನೂ ಆಗಿಲ್ಲ ಎಂದು ತಿಳಿದು ನಮಗೆಲ್ಲ ಸಮಾಧಾನವಾಯಿತು.

ಇವತ್ತು ರಾಮನಗರದಲ್ಲಿ, ಜುವೇರಿಯಾಳ ಅಪ್ಪನ ರೇಷ್ಮೆ ರೀಲಿಂಗ್ ಘಟಕದ ಮಹಡಿಯಲ್ಲಿ, ನೀನಿಲ್ಲದೆ ಕೂತೆವು. ಮಾಗಡಿಯಿಂದ ಬೈಕಿನಲ್ಲಿ ಬಂದ ಮುತ್ತುರಾಜು ತನ್ನ ಹೆಲ್ಮೆಟ್ಟನ್ನು ನಿನ್ನ ಕುರ್ಚಿಯ ಮೇಲಿಟ್ಟ. ಜುವೇರಿಯಾ ಅದನ್ನು ಎತ್ತಿ ನೆಲಕ್ಕಿಟ್ಟಳು. "ಅದು ಪುಟ್ಟಿ ಜಾಗ. ನಿಮ್ ಹೆಲ್ಮೆಟ್ ಆಟ ಆಡುತ್ತಾ?" ಅಂದಳು.

ಕಾಗದದಲ್ಲಿ ಆಡುವುದು ನಮಗೆಲ್ಲ ಹೊಸದು. ಮುಂದೆ ಜಗಳವಾಗಬಾರದೆಂದು ನಿಯಮ ಬರೆದಿಡುತ್ತೇನೆ. ಕಥೆ ನಡೆಸುವವನು ನಾನು, ನೀವು ಕರೆಯುವ ಹಾಗೆ ಮೇಸ್ತ್ರಿ. ನಿಮ್ಮ ಪಾತ್ರ ಏನು ಮಾಡುತ್ತದೆ ಎನ್ನುವುದು ನಿಮಗೆ ಬಿಟ್ಟದ್ದು. ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದು ಬುಗುರಿಗೆ ಬಿಟ್ಟದ್ದು. ತಿರುಗಿ ಬಿದ್ದಾಗ ಮೇಲೆ ಕಾಣುವ ಮುಖದ ಅಂಕಿ ಆರರವರೆಗಿದ್ದರೆ ಸೋಲು, ಏಳರಿಂದ ಮೇಲಿದ್ದರೆ ಗೆಲುವು. ಮಂತ್ರ ಹಾಕುವ ಹೊನ್ನಿ ನಿನ್ನ ಪಾತ್ರವಾದ್ದರಿಂದ ನಿನಗೆ ಇನ್ನೆರಡು ಮಾತು. ಹನ್ನೆರಡು ಬಿದ್ದರೆ ಮಂತ್ರದ ಬಲ ಒಂದು ಮಟ್ಟ ಏರುತ್ತದೆ, ಮತ್ತೆ ಇಳಿಯುವುದಿಲ್ಲ. ಮೂರು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಂತ್ರ ಹಾಕಿದವಳಿಗೇ ತಿರುಗುತ್ತದೆ.

ಯಾರ ಬುಗುರಿಯನ್ನು ಅವರೇ ಆಡಿಸಬೇಕು ಎನ್ನುವುದು ನಮ್ಮ ಮೇಜಿನ ಕಟ್ಟುಪಾಡು. ನೀನು ಬರುವ ತನಕ ನಿನ್ನದನ್ನು ನಾನು ಆಡಿಸುತ್ತೇನೆ. ನಾನೇ ಆಲೆ ಮರದಲ್ಲಿ ಕಡೆದು, ಅರದಲ್ಲಿ ಹನ್ನೆರಡು ಮುಖ ತೀಡಿ, ಹಸಿರು ಅರಗು ಹಚ್ಚಿಕೊಟ್ಟ ಬುಗುರಿಯಲ್ಲವೇ? ನಿನ್ನ ಕಾಗದ ಬಂದ ದಿನ ನನ್ನ ಬೊಂಬೆ ಅಂಗಡಿಯಲ್ಲಿ ಲೇತ್ ನಿಲ್ಲಿಸಿ, ಹಲಗೆ ಒರೆಸಿ, ಒಂದೇ ಸಲ ಆಡಿಸುತ್ತೇನೆ. ಬಿದ್ದದ್ದನ್ನು ಬರೆಯುತ್ತೇನೆ.

ಈಗ ಕಥೆ. ಊರೂರನ್ನೇ ಬಂಡೆ ಮಾಡಿದ ಕಲ್ದೊರೆಯ ಕೋಟೆಗೆ ನೀವು ಮೂವರು ಹೊರಟಿದ್ದೀರಿ. ಹೊಳೆಯ ದಂಡೆಯಲ್ಲಿ ತೋಳಗಳು ಮೂರು ಕಡೆಯಿಂದ ಮುತ್ತಿವೆ. ಮುತ್ತುರಾಜನ ಕತ್ತಿಯಾಳು ಭಂಡನಿಗೆ ಆಗಲೇ ಗಾಯವಾಗಿದೆ. ಜುವೇರಿಯಾಳ ಪಾತ್ರ, ಬೀಗ ಒಡೆಯುವ ಇಲಿ, ಮರ ಹತ್ತಿದ್ದಾಳೆ. ಹೊನ್ನಿ ಏನು ಮಾಡುತ್ತಾಳೆ?

ಸಾದಿಕ್

*

ದೊಡ್ಡಆಲಹಳ್ಳಿ
19 ಜನವರಿ 2024

ಸಾದಿಕಣ್ಣಾ,

ನಿನ್ನ ಕಾಗದ ಬಂದಾಗ ಅಪ್ಪ ಕುರಿ ಹೊಡೆದುಕೊಂಡು ಹೊರಟಿದ್ದರು. "ಯಾರ್ದವ್ವ ಕಾಗ್ದ?" ಅಂದರು. "ತೋಳ ಬಂದೈತೆ ಅಂತ ಬರ್ದವ್ರೆ" ಅಂದೆ. ಪಾಪ, ದೊಣ್ಣೆ ಹುಡುಕಲು ಶುರು ಮಾಡಿಬಿಟ್ಟರು. ಆಟ ಎಂದು ತಿಳಿಸಿ ಹೇಳುವಷ್ಟರಲ್ಲಿ ಕುರಿಗಳೆಲ್ಲ ಪಕ್ಕದವರ ಹುರುಳಿ ಹೊಲಕ್ಕೆ ನುಗ್ಗಿದ್ದವು.

ಹೊನ್ನಿ ಓಡುವುದಿಲ್ಲ. ಮರವನ್ನೂ ಹತ್ತುವುದಿಲ್ಲ. ದಂಡೆಯಲ್ಲಿ ನಿಂತು ಕೂಗುತ್ತಾಳೆ. ಅಪ್ಪ ಸಂಜೆ ಕುರಿ ಕರೆಯುವ ಕೂಗು ನೀನು ಕೇಳಿಲ್ಲ. ಗಂಟಲಿನ ಬುಡದಿಂದ ಎದ್ದು ಎರಡು ಹೊಲ ದಾಟಿ ಹೋಗುತ್ತದೆ. ಕೇಳಿದ ಕುರಿ ಬಾಯಲ್ಲಿನ ಹುಲ್ಲು ಬಿಟ್ಟು ಬರುತ್ತದೆ. ಹೊನ್ನಿಯ ಮಂತ್ರವೂ ಅದೇ. ಅವಳ ಕೂಗು ಕೇಳಿದ ಪ್ರಾಣಿ ಅವಳ ಹತ್ತಿರ ಬರಬೇಕು, ಬಂದದ್ದು ಅವಳ ಮಾತು ಕೇಳಬೇಕು. ದೊಡ್ಡ ತೋಳವನ್ನೇ ಕರೆಯುತ್ತಾಳೆ. ಅದು ಬಂದರೆ ಉಳಿದವು ತಾವಾಗಿ ಬರುತ್ತವೆ, ಹಿಂಡಿನ ಸಂಗತಿ ನನಗೆ ಗೊತ್ತು.

ಆಡಿಸು. ನಾನು ಕಾಯುತ್ತಿರುತ್ತೇನೆ.

ಕಾಲು ಸರಿಹೋಗುತ್ತಿದೆ. ಇಷ್ಟು ಸಾಕು, ಮತ್ತೆ ಆ ಸುದ್ದಿ ಬೇಡ.

ಪುಟ್ಟಿ

*

ಚನ್ನಪಟ್ಟಣ
28 ಜನವರಿ 2024

ಪುಟ್ಟೀ,

ಬಿದ್ದದ್ದು 12.

ದೊಡ್ಡ ತೋಳ ಹೊಳೆಯ ನೀರಿನಲ್ಲೇ ನಡೆದು ಬಂತು. ಹೊನ್ನಿಯ ಮುಂದೆ ಕೂತು ತಲೆ ತಗ್ಗಿಸಿತು. ಹಿಂದಿನಿಂದ ಹನ್ನೊಂದು ತೋಳ ಬಂದು ಸಾಲಾಗಿ ಕೂತವು. ಇಲಿ ಮರದಿಂದ ಇಳಿಯಲು ಒಪ್ಪಲಿಲ್ಲ. ಇದನ್ನು ಓದಿ ಹೇಳಿದಾಗ ಮುತ್ತುರಾಜು ಎದ್ದು ನಿಂತು ಸಿಳ್ಳೆ ಹಾಕಿದ. ಕೆಳಗಿನಿಂದ ಜುವೇರಿಯಾಳ ಅಪ್ಪ ಹುಸೇನ್ ಸಾಹೇಬರು, "ಏನಾಯ್ತು ಮಕ್ಳೇ?" ಎಂದು ಕೂಗಿದರು.

ಹನ್ನೆರಡಾದ್ದರಿಂದ ಮಂತ್ರ ಒಂದು ಮಟ್ಟ ಏರಿತು. ಇನ್ನು ಹೊನ್ನಿ ಕೂಗಿದರೆ ಮನುಷ್ಯರೂ ಬರುತ್ತಾರೆ. ಮುಂದೆ ಸೇತುವೆ ಇದೆ, ಕಾವಲಿಗೆ ನಲವತ್ತು ಜನ.

ಸಾದಿಕ್

*

ದೊಡ್ಡಆಲಹಳ್ಳಿ
9 ಫೆಬ್ರವರಿ 2024

ಸಾದಿಕಣ್ಣಾ,

ಹನ್ನೆರಡು! ಓದಿದವಳೇ ಕಿರುಚಿಬಿಟ್ಟೆ. ನಾನು ಮಂಚದಿಂದ ಬಿದ್ದೆ ಎಂದುಕೊಂಡು ಅಮ್ಮ ಒಲೆಯ ಮೇಲಿನ ಎಸರು ಬಿಟ್ಟು ಓಡಿ ಬಂದಳು. ಹನ್ನೆರಡು ಬಿತ್ತು ಕಣಮ್ಮ ಎಂದೆ. ಅವಳಿಗೆ ಏನರ್ಥವಾಯಿತೋ, "ಬೀಳ್ಲಿ ಬುಡು, ಎಲ್ಲಾ ಒಳ್ಳೇದೇ ಆಯ್ತದೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವತ್ತು ಎರಡು ಮುದ್ದೆ ಉಂಡೆ. ಸ್ಕೂಟರಿನಿಂದ ಬಿದ್ದ ಮೇಲೆ ಎರಡನೆಯ ಮುದ್ದೆ ಕೇಳಿದ್ದು ಅದೇ ಮೊದಲು.

ನಲವತ್ತು ಜನ ಕಾವಲುಗಾರರನ್ನು ಹೊಡೆಯುವುದು ಯಾಕೆ? ಹೊನ್ನಿ ಅವರನ್ನು ಕೂಗಿ ಕರೆಯುತ್ತಾಳೆ, ಊರಿಗೆ ಹೋಗಿ ಉಳುಮೆ ಮಾಡಿ ಎನ್ನುತ್ತಾಳೆ. ಮುತ್ತುರಾಜಣ್ಣನ ಭಂಡನಿಗೆ ಸ್ವಲ್ಪ ಬಿಡುವು ಸಿಗಲಿ, ಗಾಯವಾಗಿದೆಯಲ್ಲ.

ಪುಟ್ಟಿ

*

ಚನ್ನಪಟ್ಟಣ
3 ಮಾರ್ಚ್ 2024, ಭಾನುವಾರ

ಪುಟ್ಟೀ,

ನೀನು ಕಾವಲುಗಾರರನ್ನು ಊರಿಗೆ ಕಳಿಸಿದೆ, ಆಗಲೂ ಹನ್ನೆರಡು. ಆಮೇಲಿನ ಕಾಗದದಲ್ಲಿ ಹೊಳೆಯನ್ನು ಕರೆದೆ, ಹೊಳೆ ಬಂತು. ಅದರ ಮುಂದಿನದರಲ್ಲಿ ಉಗ್ರಾಣದ ಬಾಗಿಲನ್ನು ಕರೆದೆ, ಬಾಗಿಲು ಚೌಕಟ್ಟು ಬಿಟ್ಟು ನಡೆದು ಬಂತು. ಬೀಗ ಒಡೆಯುವ ಸರದಿಗೆ ಕಾದು ಕೂತಿದ್ದ ಜುವೇರಿಯಾ ನನ್ನನ್ನೊಮ್ಮೆ, ನಿನ್ನ ಕಾಗದವನ್ನೊಮ್ಮೆ ನೋಡಿದಳು. "ನನ್ ಕತ್ತಿ ತುಕ್ಕು ಹಿಡೀತೈತೆ ಕಣ್ಲಾ ಮೇಸ್ತ್ರಿ. ಒಂದು ಸೊಳ್ಳೆನಾದ್ರೂ ಕಳ್ಸು, ಹೊಡೀತೀನಿ" ಎಂದ ಮುತ್ತುರಾಜು. ತಮಾಷೆಗೇ ಅಂದ ಎಂದುಕೊಂಡಿದ್ದೇನೆ.

ನಿಜ ಹೇಳುತ್ತೇನೆ, ನಿನ್ನ ಮಂತ್ರ ನನ್ನ ಕೈ ಮೀರಿದೆ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಕರೆದದ್ದೆಲ್ಲ ಬಂದರೆ ಕಥೆಯಲ್ಲಿ ಉಳಿದವರಿಗೆ ಕೆಲಸವೇನು? ನಿನ್ನ ಶಕ್ತಿ ಕಿತ್ತುಕೊಳ್ಳುವುದು ನ್ಯಾಯವಲ್ಲ, ಗೆದ್ದದ್ದು ನಿನ್ನದು. ಅದಕ್ಕೆ ಎರಡು ಕಟ್ಟು ಹಾಕುತ್ತಿದ್ದೇನೆ. ಒಂದು, ಪ್ರತಿ ಕೂಗಿಗೂ ಹೊನ್ನಿಯ ಗಂಟಲು ಒಂದು ದಿನ ಕಟ್ಟುತ್ತದೆ. ಎರಡು, ನೀವು ಈಗ ಬಂದಿರುವುದು ಮೌನದ ಕಣಿವೆಗೆ. ಅಲ್ಲಿ ಯಾವ ಸದ್ದೂ ಹುಟ್ಟುವುದಿಲ್ಲ. ಕಲ್ಲು ಎಸೆದರೂ ಸದ್ದಾಗುವುದಿಲ್ಲ. ಈಗ ಕೂಗು ನೋಡೋಣ.

ನನ್ನ ಹೆಂಡತಿ ದಿಲ್ಶಾದ್ ನಿನಗೆ ಸಲಾಂ ಹೇಳಿದ್ದಾಳೆ.

ಸಾದಿಕ್

*

ದೊಡ್ಡಆಲಹಳ್ಳಿ
17 ಮಾರ್ಚ್ 2024

ಸಾದಿಕಣ್ಣಾ,

ಕಟ್ಟು ಹಾಕಿದ್ದೀಯಾ? ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳಿಗೆ ಬೇಲಿ ತೋರಿಸುತ್ತೀಯಾ?

ನಮ್ಮ ಹಿಂಡಿನಲ್ಲಿ ಒಂದು ಕಿವುಡು ಕುರಿ ಇದೆ. ಅಪ್ಪ ಅದನ್ನು ಕೂಗುವುದಿಲ್ಲ, ಕೋಲಿನಿಂದ ನೆಲ ಕುಟ್ಟುತ್ತಾರೆ. ಕಾಲಿನಿಂದ ಕೇಳಿಸಿಕೊಂಡು ಬರುತ್ತದೆ. ಹೊನ್ನಿಯೂ ಬಾಯಿ ತೆರೆಯುವುದಿಲ್ಲ. ದೊಣ್ಣೆ ತೆಗೆದುಕೊಂಡು ಕಣಿವೆಯ ನೆಲ ಕುಟ್ಟುತ್ತಾಳೆ. ನೆಲಕ್ಕೆ ತಾಗಿಕೊಂಡಿರುವುದು ಬೆಟ್ಟ, ಆದ್ದರಿಂದ ಬೆಟ್ಟವನ್ನೇ ಕರೆಯುತ್ತಾಳೆ. ಬೆಟ್ಟವನ್ನು ಮುಂದಿಟ್ಟುಕೊಂಡು ಕಲ್ದೊರೆಯ ಕೋಟೆಗೆ ಹೋಗುತ್ತೇವೆ. ಗಂಟಲಿನ ಮಾತೇ ಇಲ್ಲ, ನಿನ್ನ ಮೊದಲ ಕಟ್ಟೂ ಹೋಯಿತು.

ದಿಲ್ಶಾದ್ ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಹಲಗೆಯ ಮೇಲೆ ನನ್ನ ಬುಗುರಿ ಇಷ್ಟು ಚೆನ್ನಾಗಿ ಬೀಳುತ್ತಿದೆಯಲ್ಲ, ಏನು ಕೈ ನಿನ್ನದು! ಹಗಲೆಲ್ಲ ಅದನ್ನೇ ಯೋಚಿಸುತ್ತಿರುತ್ತೇನೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಪುಟ್ಟಿ

*

ಚನ್ನಪಟ್ಟಣ
21 ಏಪ್ರಿಲ್ 2024

ಪುಟ್ಟೀ,

ಬಿದ್ದದ್ದು 12. ಬೆಟ್ಟ ಬಂತು.

ತಡವಾಯಿತು. ರಂಜಾನ್ ತಿಂಗಳಲ್ಲಿ ಆಟ ನಿಲ್ಲಿಸಿದ್ದೆವು. ಹಬ್ಬ ಮುಗಿದ ಮೇಲೂ ಕೂತಿಲ್ಲ. ಮುತ್ತುರಾಜನಿಗೆ ಮಾಗಡಿಯಲ್ಲಿ ಕೆಲಸ ಜಾಸ್ತಿಯಂತೆ. ನೀನು ಎದ್ದು ಓಡಾಡುವ ತನಕ ಆಟವನ್ನು ಹೀಗೇ ಬಿಡೋಣವೇ ಎಂದು ಯೋಚಿಸುತ್ತಿದ್ದೇನೆ. ನೀನೇನು ಹೇಳುತ್ತೀಯ?

ಸಾದಿಕ್

*

ದೊಡ್ಡಆಲಹಳ್ಳಿ
3 ಮೇ 2024

ಸಾದಿಕಣ್ಣಾ,

ಆಟ ನಿಲ್ಲಿಸಬೇಡ. ಇದೊಂದು ಸಲ ಮಾತ್ರ ನಿಲ್ಲಿಸಬೇಡ. ನಿನಗೆ ಒಂದು ಸುಳ್ಳು ಹೇಳಿದ್ದೆ, ಈಗ ನಿಜ ಬರೆಯುತ್ತೇನೆ.

ಕಾಲು ಸರಿಹೋಗುತ್ತಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಮಂಡಿ ಅರ್ಧ ಮಡಚುತ್ತದೆ, ಕಾಲು ಊರಿದರೆ ಪ್ರಾಣ ಹೋಗುತ್ತದೆ. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡುತ್ತಿದ್ದವಳು ಈಗ ಬಚ್ಚಲಿಗೆ ಹೋಗಲು ಅಮ್ಮನ ಹೆಗಲು ಹಿಡಿಯುತ್ತೇನೆ. ಬೆಂಗಳೂರಿನ ಡಾಕ್ಟರು ಮೂಳೆ ಮತ್ತೆ ಬಿಡಿಸಿ ಕೂಡಿಸಬೇಕು ಎನ್ನುತ್ತಾರೆ. ಚೆನ್ನಾಗಿ ಆದರೆ ಕೋಲಿಲ್ಲದೆ ನಡೆಯುತ್ತೇನೆ. ಆಗದಿದ್ದರೆ ಈಗಿರುವುದೂ ಹೋಗುತ್ತದೆ. ಅರ್ಧಕ್ಕರ್ಧ ಅಂದರಂತೆ. ಅವರು ಮಾತಾಡಿದ್ದು ಅಪ್ಪನ ಹತ್ತಿರ. ಆಮೇಲಿನದನ್ನು ಅಪ್ಪ ನನಗೆ ಪೂರ್ತಿ ಹೇಳಿಲ್ಲ. ಮೇ 27ಕ್ಕೆ ದಿನ ಕೊಟ್ಟಿದ್ದಾರೆ. ಹೂಂ ಅನ್ನಬೇಕಾದವಳು ನಾನು.

ಹೆದರಿಕೆ ಆಗುತ್ತದೆ ಅಣ್ಣ. ಆದರೆ ಐದು ಕಾಗದದಲ್ಲಿ ಬುಗುರಿ ಒಂದು ಸಲವೂ ನನ್ನ ಕೈ ಬಿಟ್ಟಿಲ್ಲ. ಇಲ್ಲಿ ಯಾರೂ ನನಗೆ ನೆಟ್ಟಗೆ ಒಂದು ಮಾತು ಹೇಳುವುದಿಲ್ಲ, ಅದೊಂದೇ ಹೇಳುವುದು. ಅದಕ್ಕೇ ಕೇಳುತ್ತಿದ್ದೇನೆ. ಹೊನ್ನಿಗಲ್ಲ, ನನಗಾಗಿ ಒಂದು ಸಲ ಆಡಿಸು. ಏಳರಿಂದ ಮೇಲೆ ಬಿದ್ದರೆ ಹೂಂ ಅನ್ನುತ್ತೇನೆ. ಕಡಿಮೆ ಬಿದ್ದರೆ ಬೇಡ ಅನ್ನುತ್ತೇನೆ. ನಗಬೇಡ. ಬೇಗ ಬರಿ.

ಪುಟ್ಟಿ

*

ಚನ್ನಪಟ್ಟಣ
9 ಮೇ 2024

ಪುಟ್ಟೀ,

ಈ ಕಾಗದವನ್ನು ಎರಡನೆಯ ಸಲ ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ, ಒಂಬತ್ತು ಬಿತ್ತು, ಧೈರ್ಯವಾಗಿ ಹೋಗಿ ಬಾ ಎಂದು ಬರೆದಿದ್ದೆ. ಬುಗುರಿ ಮುಟ್ಟಿರಲೂ ಇಲ್ಲ. ದಿಲ್ಶಾದ್ ಓದಿದಳು. "ಆಟದಲ್ಲಿ ಹೇಳಿದ್ರಿ, ಸರಿ ಅಂತ ಸುಮ್ನಿದ್ದೆ. ಆಸ್ಪತ್ರೆಗೂ ಸುಳ್ಳೇ ಕಳಿಸ್ತೀರಾ?" ಅಂದಳು. ಹರಿದು ಹಾಕಿದೆ.

ಪುಟ್ಟೀ, ನಿನ್ನ ಬುಗುರಿ ಬಿದ್ದದ್ದನ್ನು ನಾನು ಬರೆದಿಲ್ಲ.

ಮೊದಲ ಸಲ ಬಿದ್ದದ್ದು ಎರಡು. ಎರಡು ಬಿದ್ದರೆ ಮಂತ್ರ ಹೊನ್ನಿಗೇ ತಿರುಗಬೇಕು. ತೋಳ ಬಂದು ಅವಳ ಕಾಲು ಹಿಡಿಯಬೇಕಾಗಿತ್ತು. 2 ಎಂದು ಬರೆದು ಅದನ್ನೇ ನೋಡುತ್ತಾ ಕೂತೆ. ಮಂಚದ ಮೇಲಿರುವ ಹುಡುಗಿಗೆ ತೋಳ ನಿನ್ನ ಕಾಲು ಕಚ್ಚಿತು ಎಂದು ಹೇಗೆ ಬರೆಯಲಿ? ಎರಡರ ಎಡಕ್ಕೆ ಒಂದು ಗೀಟು ಎಳೆದೆ. ಹನ್ನೆರಡಾಯಿತು. ಮುಂದಿನ ಸಲ ನಿಜ ಬರೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನೀನು ಎರಡು ಮುದ್ದೆ ಉಂಡೆ ಎಂದು ಬರೆದೆ. ಆಮೇಲೆ ನನಗೆ ನಿಲ್ಲಿಸಲು ಆಗಲಿಲ್ಲ.

ಐದು ಸಲ ಬಿದ್ದದ್ದು ಇವು: ಎರಡು, ಎಂಟು, ಐದು, ಒಂದು, ನಾಲ್ಕು. ನಿನ್ನ ಮಂತ್ರವನ್ನು ಬೆಟ್ಟದಷ್ಟು ಬೆಳೆಸಿದವನು ನಾನು. ಬೆಳೆಸಿ, ಆಮೇಲೆ ಅದಕ್ಕೆ ಕಟ್ಟು ಹಾಕುವ ನಾಟಕ ಆಡಿದವನೂ ನಾನೇ. ಇನ್ನೊಂದು ಮಾತು. ಮುತ್ತುರಾಜನಿಗೆ ಕೆಲಸ ಜಾಸ್ತಿ ಎಂದದ್ದೂ ಸುಳ್ಳು. ಮಾರ್ಚ್‌ನಲ್ಲಿ ಜುವೇರಿಯಾ, "ಸಾದಿಕ್ ಭಾಯ್, ಪುಟ್ಟಿ ಬುಗುರಿ ಇಲ್ಲಿ ತನ್ನಿ, ನಮ್ಮೆದುರಿಗೇ ಆಡ್ಸಿ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಜಗಳಕ್ಕೆ ನಿಂತೆ. ಅವತ್ತಿನಿಂದ ಯಾರೂ ಆಟಕ್ಕೆ ಕೂತಿಲ್ಲ.

ಆಪರೇಷನ್ ಮಾಡಿಸಿಕೋ ಎಂದಾಗಲಿ ಬೇಡ ಎಂದಾಗಲಿ ಹೇಳುವ ಯೋಗ್ಯತೆ ನನಗಿಲ್ಲ. ಬುಗುರಿಯನ್ನು ಆಡಿಸಿಲ್ಲ, ಆಡಿಸುವುದೂ ಇಲ್ಲ. ಇದರ ಜೊತೆ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದೇನೆ. ನಿನ್ನದು ನಿನ್ನ ಹತ್ತಿರ ಇರಲಿ. ದಯವಿಟ್ಟು ಅದನ್ನು ಕೇಳಿ ತೀರ್ಮಾನ ಮಾಡಬೇಡ. ಡಾಕ್ಟರನ್ನು ನೀನೇ ಕೇಳು.

ನನ್ನಿಂದ ತಪ್ಪಾಯಿತು. ನಿನ್ನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದುಕೊಂಡಿದ್ದೆ. ಈಗ ನೋಡಿದರೆ, ನಿನ್ನ ದುಃಖವನ್ನು ನೋಡಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ.

ಸಾದಿಕ್

*

ಚನ್ನಪಟ್ಟಣ
16 ಜೂನ್ 2024

ಪುಟ್ಟೀ,

ಮೇ 27 ಕಳೆದು ಇಪ್ಪತ್ತು ದಿನವಾಯಿತು. ನಿನ್ನಿಂದ ಕಾಗದವಿಲ್ಲ. ಬರೆಯದಿದ್ದರೂ ಸರಿ, ನನಗೆ ಅರ್ಥವಾಗುತ್ತದೆ.

ಜುವೇರಿಯಾಗೂ ಮುತ್ತುರಾಜನಿಗೂ ಎಲ್ಲ ಹೇಳಿದೆ. ಮುತ್ತುರಾಜು ಬೈದ, ಚೆನ್ನಾಗಿಯೇ ಬೈದ. ಆಮೇಲೆ, "ನಾನಾಗಿದ್ರೂ ಹಂಗೇ ಬರೀತಿದ್ನೇನೋ ಕಣ್ಲಾ" ಅಂದ. ಅದರಿಂದ ನನಗೆ ಸಮಾಧಾನವಾಗಲಿಲ್ಲ.

ನಾಳೆ ಬಕ್ರೀದ್. ನಮಾಜಿನಲ್ಲಿ ನಿನ್ನ ಹೆಸರು ಹೇಳುತ್ತೇನೆ. ಬೇಡ ಅನ್ನಬೇಡ.

ಸಾದಿಕ್

*

ದೊಡ್ಡಆಲಹಳ್ಳಿ
28 ಜುಲೈ 2024

ಸಾದಿಕಣ್ಣಾ,

ನಿನ್ನ ಮೇ ತಿಂಗಳ ಕಾಗದ ಓದಿ ಬುಗುರಿಯನ್ನು ಗೋಡೆಗೆ ಬೀಸಿ ಎಸೆದೆ. ಗೋಡೆಯ ಗಾರೆ ಉದುರಿತು, ಬುಗುರಿಗೆ ಏನೂ ಆಗಲಿಲ್ಲ. ಗಟ್ಟಿಯಾಗಿ ಮಾಡುತ್ತೀಯ, ಅದೊಂದು ಬರುತ್ತದೆ ನಿನಗೆ.

ತೋಳದಿಂದ ನನ್ನ ಕಾಲು ಉಳಿಸಿದೆಯಂತೆ. ಯಾರು ಕೇಳಿದ್ದರು? ಮನೆಗೆ ಬಂದವರೆಲ್ಲ ಚೆನ್ನಾಗಿ ಕಾಣುತ್ತಿದ್ದೀಯ ಎನ್ನುತ್ತಾರೆ. ಅಪ್ಪ ಎಕ್ಸ್‌ರೇ ನೋಡಿ, ಪರವಾಗಿಲ್ಲ ಎನ್ನುತ್ತಾರೆ. ಅವರಿಗೆ ಎಕ್ಸ್‌ರೇ ತಲೆಕೆಳಗಾಗಿ ಹಿಡಿದದ್ದೂ ಗೊತ್ತಾಗಿರುವುದಿಲ್ಲ. ಅಮ್ಮ ಬಾಯಿ ಬಿಟ್ಟು ಬೈಯುವುದನ್ನೇ ಮರೆತಿದ್ದಾಳೆ. ಬಿದ್ದ ದಿನದಿಂದ ಎಲ್ಲರೂ ನನಗೆ ಹನ್ನೆರಡೇ ಹೇಳುತ್ತಿದ್ದಾರೆ. ಆ ಮರದ ತುಂಡು ಮಾತ್ರ ಮುಖ ನೋಡಿ ಮಣೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಅದರ ಬಾಯನ್ನೂ ನೀನು ಮುಚ್ಚಿದೆ. ಹೊಟ್ಟೆ ಉರಿದುಹೋಯಿತು ಅಣ್ಣ.

ಐದನೆಯ ದಿನ ಅಪ್ಪನಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗು ಎಂದೆ. ಅಪ್ಪನನ್ನು ಹೊರಗೆ ಕೂರಿಸಿ ಡಾಕ್ಟರನ್ನು ನಾನೇ ಕೇಳಿದೆ. ಕೆಟ್ಟ ಅರ್ಧ ಅಂದರೆ ಏನು? ಮಂಡಿ ನೆಟ್ಟಗೇ ನಿಂತುಬಿಡಬಹುದು, ಮತ್ತೆ ಮಡಚುವುದಿಲ್ಲ ಎಂದರು. ಸುಮ್ಮನೆ ಬಿಟ್ಟರೆ? ನೋವು ಹೋಗುವುದಿಲ್ಲ, ವರ್ಷ ಕಳೆದಂತೆ ಜಾಸ್ತಿಯಾಗುತ್ತದೆ ಎಂದರು. ನಿಮಗೆ ಏನನ್ನಿಸುತ್ತದೆ, ಯಾವ ಅರ್ಧ ಆಗುತ್ತದೆ ಎಂದೆ. "ಗೊತ್ತಿಲ್ಲಮ್ಮ" ಅಂದರು. ಇಷ್ಟು ತಿಂಗಳಲ್ಲಿ ನನ್ನ ಮುಖ ನೋಡಿ ಗೊತ್ತಿಲ್ಲ ಎಂದವರು ಅವರೊಬ್ಬರೇ. ನನಗೆ ಅಲ್ಲೇ ಧೈರ್ಯ ಬಂತು. ಮಾಡಿ ಎಂದೆ.

ಹೇಳಿದ ದಿನವೇ ಆಪರೇಷನ್ ಆಯಿತು. ಮಂಡಿ ಮಡಚುವುದಿಲ್ಲ. ನೋವು ಹೋಗಿದೆ, ಕಾಲು ಊರಿ ಕೋಲು ಹಿಡಿದು ನಡೆಯುತ್ತೇನೆ, ಆದರೆ ಮಂಡಿ ಇನ್ನು ಮಡಚುವುದಿಲ್ಲ. ಹದಿನೈದು ದಿನ ಅತ್ತೆ. ಯಾರನ್ನೂ ಬೈಯಲಿಲ್ಲ. ಕೇಳಿ ತಿಳಿದು ಹೂಂ ಅಂದವಳು ನಾನೇ, ಅದಕ್ಕೆ ಅಳುವುದಕ್ಕೂ ಒಂದು ನೆಲೆ ಇತ್ತು. ನಿನ್ನ ಒಂಬತ್ತನ್ನು ನಂಬಿ ಹೋಗಿದ್ದರೆ ಇವತ್ತು ನಿನ್ನನ್ನು ಜೀವವಿರುವ ತನಕ ಶಪಿಸುತ್ತಿದ್ದೆ. ನಿನ್ನ ಕೈಯಲ್ಲಿ ಆ ಕಾಗದ ಹರಿಸಿದ್ದಕ್ಕೆ ದಿಲ್ಶಾದ್ ಅತ್ತಿಗೆಗೆ ಕೈ ಮುಗಿಯುತ್ತೇನೆ, ನಿನಗಲ್ಲ. ನಿನ್ನನ್ನು ಇನ್ನೂ ಕ್ಷಮಿಸಿಲ್ಲ.

ಆಗಸ್ಟ್ 18ರ ಭಾನುವಾರ ರಾಮನಗರಕ್ಕೆ ಬರುತ್ತೇನೆ. ಬುಗುರಿ ನಾನೇ ಆಡಿಸುತ್ತೇನೆ. ಮಹಡಿಯ ಮೆಟ್ಟಿಲು ಹತ್ತಲು ನನ್ನಿಂದ ಆಗುವುದಿಲ್ಲ. ಎತ್ತಿಕೊಂಡು ಹೋಗುತ್ತೇವೆ ಎಂದು ಮುತ್ತುರಾಜಣ್ಣ ಮುಂದೆ ಬಂದರೆ ಕೋಲಿನಲ್ಲಿ ಬಾರಿಸುತ್ತೇನೆ. ಮೇಜನ್ನು ಕೆಳಗೆ ತನ್ನಿ. ನನಗೆ ಬೇಕಾದದ್ದು ಅಷ್ಟೇ.

ಪುಟ್ಟಿ

*

ಚನ್ನಪಟ್ಟಣ
4 ಆಗಸ್ಟ್ 2024

ಪುಟ್ಟೀ,

ಇವತ್ತು ಮೇಜನ್ನು ಕೆಳಗಿಳಿಸಿದೆವು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು, ಒಂದು ಕಾಲು ಬಿಚ್ಚಿ ಮತ್ತೆ ಜೋಡಿಸಿದೆ. ನೂಲು ಬಿಚ್ಚುವ ಬೇಸಿನ್ನುಗಳ ಪಕ್ಕದಲ್ಲಿ ಹುಸೇನ್ ಸಾಹೇಬರು ಜಾಗ ಬಿಡಿಸಿಕೊಟ್ಟಿದ್ದಾರೆ. ಬೆಂದ ರೇಷ್ಮೆಗೂಡಿನ ವಾಸನೆ ಜಾಸ್ತಿ, ಮೂಗು ಮುಚ್ಚಿಕೊಳ್ಳಬೇಡ, ಅವರಿಗೆ ಬೇಜಾರಾಗುತ್ತದೆ. ನಿನ್ನ ಕಾಲು ಚಾಚಲು ಎದುರಿಗೆ ಒಂದು ಸ್ಟೂಲು ಇಟ್ಟಿದ್ದೇವೆ.

ಮಂಡಿಯ ವಿಷಯ ಓದಿ ಬಹಳ ದುಃಖವಾಯಿತು. ಅದನ್ನು ನೆಟ್ಟಗೆ ಬರೆಯುತ್ತಿದ್ದೇನೆ, ಬೇರೆ ಏನೂ ಸೇರಿಸುವುದಿಲ್ಲ.

ಹೊನ್ನಿ ಕಲ್ದೊರೆಯ ಕೋಟೆಯ ಬಾಗಿಲಲ್ಲಿದ್ದಾಳೆ. ಅವಳ ಬಲ ಈಗ ಎಷ್ಟಿದೆಯೋ ಅಷ್ಟೇ ಇರಲಿ ಎಂದು ಮೂವರೂ ಒಪ್ಪಿದೆವು. ಸೋತರೆ ಸೋಲೂ ಅಷ್ಟೇ ದೊಡ್ಡದು.

ಸಾದಿಕ್

*

ದೊಡ್ಡಆಲಹಳ್ಳಿ
20 ಆಗಸ್ಟ್ 2024

ಸಾದಿಕಣ್ಣಾ,

ಮೊನ್ನೆ ಮೇಜಿನ ಹತ್ತಿರ ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ.

ನಾನು ಕಲ್ದೊರೆಯನ್ನೇ ಕೂಗಿ ಕರೆಯುತ್ತೇನೆ ಎಂದೆ. ಬುಗುರಿಯನ್ನು ನನ್ನ ಬೆರಳಲ್ಲಿ ತಿರುಗಿಸಿ ಹತ್ತು ತಿಂಗಳಾಗಿತ್ತು. ಎಷ್ಟು ಹೊತ್ತು ಆಡಿತು! ಬಿದ್ದಾಗ ನಾನೇ ಮೊದಲು ನೋಡಿದೆ. ಮೂರು. "ಮೇಜು ಅಳ್ಳಾಡ್ತು ಕಣವ್ವ, ಇನ್ನೊಂದ್ಸಲ ಆಡ್ಸು" ಅಂದ ಮುತ್ತುರಾಜಣ್ಣ. ಮೇಜು ಅಳ್ಳಾಡಿರಲಿಲ್ಲ, ಅದು ನಮ್ಮ ನಾಲ್ವರಿಗೂ ಗೊತ್ತಿತ್ತು. ನಿನ್ನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ನೀನು ನನ್ನ ಕಾಲಿನ ಕಡೆ ನೋಡುತ್ತೀಯೇನೋ ಎಂದು ನಾನು ಕಾಯುತ್ತಿದ್ದೆ. ನೀನು ಬುಗುರಿಯನ್ನು ನೋಡಿದೆ. 3 ಎಂದು ಬರೆದೆ. ಆಮೇಲೆ ಮೇಸ್ತ್ರಿಯ ದನಿಯಲ್ಲಿ, ಹೊನ್ನಿಯ ಕೂಗು ಕೋಟೆ ಗೋಡೆಗೆ ಬಡಿದು ಅವಳಿಗೇ ತಿರುಗಿತು, ಪಾದದಿಂದ ನೆತ್ತಿಯವರೆಗೆ ಅವಳು ಬಂಡೆಯಾದಳು ಎಂದು ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಆಗಲೇ ನನಗೆ ನಿನ್ನ ಮೇಲಿದ್ದ ಸಿಟ್ಟು ಹೋಯಿತು. ಬಾಯಿ ಬಿಟ್ಟು ಹೇಳಿದರೆ ಅತ್ತುಬಿಡುತ್ತಿದ್ದೆ, ಅದಕ್ಕೇ ಸುಮ್ಮನೆ ಮುಖ ಊದಿಸಿಕೊಂಡು ಕೂತಿದ್ದೆ.

ಹೊನ್ನಿ ಇಲ್ಲದ ಮೇಲೆ ಅವರಿಬ್ಬರ ಆಟ ನೋಡುವ ಹಾಗಿತ್ತು! ಇಲಿ ಕೋಟೆಯ ಏಳು ಬೀಗ ತೆಗೆದಳು, ಆರನೆಯದರಲ್ಲಿ ಬೆರಳು ಕಳೆದುಕೊಂಡಳು. ಭಂಡ ಕತ್ತಿ ಹಿರಿದು ಒಳಗೆ ನುಗ್ಗಿದ. ಮುತ್ತುರಾಜಣ್ಣ ಕುರ್ಚಿಯ ಮೇಲೆ ನಿಂತಿದ್ದ. ನಾನು ಇಷ್ಟು ತಿಂಗಳು ಅವರ ಪಾಲಿನದನ್ನೆಲ್ಲ ನುಂಗಿದ್ದೆ ಎಂದು ಆಗ ಗೊತ್ತಾಯಿತು. ನೀನು ಒಬ್ಬನೇ ತಪ್ಪು ಮಾಡಿದೆ ಎಂದುಕೊಳ್ಳಬೇಡ. ಐದು ಸಲವೂ ಗೆದ್ದದ್ದು ಒಂದು ಸಲವಾದರೂ ವಿಚಿತ್ರ ಎನ್ನಿಸಬೇಕಿತ್ತು ನನಗೆ. ಎನ್ನಿಸಲಿಲ್ಲ, ಗೆಲುವು ಬೇಕಾಗಿತ್ತಲ್ಲ.

ಕನಕಪುರದ ಬಸ್ಸಿನಲ್ಲಿ ಡ್ರೈವರು ಮುಂದಿನ ಸೀಟು ಕೊಟ್ಟರು. ಕಾಲು ಚಾಚಿಕೊಂಡು ದಾರಿಯುದ್ದಕ್ಕೂ ಅತ್ತೆ. ಕಾಲಿಗಲ್ಲ, ಹೊನ್ನಿಗೆ. ಎರಡು ವರ್ಷ ಜೊತೆಗಿದ್ದವಳು. ಮನೆಗೆ ಬಂದು ಮಂಚದ ಮೇಲೆ ಮುಖ ತಿರುಗಿಸಿ ಮಲಗಿದೆ. ಅಮ್ಮ ಬಂದು ನೋಡಿ ಹೆದರಿದಳು. "ಏನಾಯ್ತವ್ವ, ಕಾಲ್ ನೋವಾ?" ಎಂದಳು. ಅಲ್ಲ, ಆಟದಲ್ಲಿ ಸೋತೆ ಎಂದೆ.

ಅಮ್ಮ ಒಂದೇ ಸಮನೆ ಶುರು ಮಾಡಿದಳು. "ಸೋತ್ರೆ ಸೋತೆ! ಅದ್ಕೆ ಮುದ್ದೆ ಯಾಕೆ ತಣ್ಣಗಾಗ್ಬೇಕು? ಬುಗುರಿ ಆಡಕ್ಕೆ ರಾಮನಗರದ್ ಗಂಟ ಹೋಗಕಾಯ್ತದೆ, ಒಲೆತಾವ್ಕೆ ಬರಕಾಗಕಿಲ್ವಾ? ಎದ್ ಬಾ, ಉಣ್ಣು!" ಬಿದ್ದ ಮೇಲೆ ಅವಳು ನನ್ನನ್ನು ಬೈದದ್ದು ಅದೇ ಮೊದಲು ಅಣ್ಣ. ಇಷ್ಟು ದಿನ ತಟ್ಟೆಯನ್ನು ಮಂಚಕ್ಕೇ ತರುತ್ತಿದ್ದಳು. ಬೈದುಬಿಟ್ಟು ಹಿಂದಿರುಗಿಯೂ ನೋಡದೆ ಅಡುಗೆ ಮನೆಗೆ ಹೋದಳು. ನಾನು ಕೋಲು ಹುಡುಕಿ ಎದ್ದು ಹೋದೆ.

ಪುಟ್ಟಿ